ಫ್ರಾನ್ಸಿನ ಚಾರಿತ್ರಿಕ ಸ್ಮಾರಕಗಳು: ಮೂಲಪಾಠ ಮತ್ತು ಪ್ರಕ್ಷೇಪ

ಫ್ರಾನ್ಸ್ ದೇಶವನ್ನು ನೋಡಲು ಹೋಗುವವರ ಪಟ್ಟಿಯಲ್ಲಿ ಕೆಲವು ಹೆಸರುಗಳು ತಪ್ಪದೆ ಇರುತ್ತವೆ. ಪ್ಯಾರಿಸ್ಸಿನ ನೋತ್ರ್ ದಾಮ್ ಕ್ಯಾಥೆಡ್ರಲ್, ಲೂವ್ರ್ ವಸ್ತುಸಂಗ್ರಹಾಲಯ, ವರ್ಸೇಲ್ಸ್ ಅರಮನೆ, ದಕ್ಷಿಣದ ಕಾರ್ಕಸಾನ್ ಕೋಟೆ, ಲಾಸ್ಕೋ ಗುಹಾಚಿತ್ರಗಳು ಅವುಗಳಲ್ಲಿ ಮುಖ್ಯವಾದವು. ನೋತ್ರ್ ದಾಮ್‌ನ ಎದುರು ನಿಂತವರಿಗೆ ಹದಿಮೂರನೆಯ ಶತಮಾನವೇ ಕಣ್ಣೆದುರು ನಿಂತಿದೆ ಎನಿಸುವುದು ಸಹಜ. ಆದರೆ ಅಲ್ಲಿ ಕಾಣುವ ಎಲ್ಲವೂ ಹದಿಮೂರನೆಯ ಶತಮಾನದ್ದಲ್ಲ. ಫ್ರಾನ್ಸಿನ ಸ್ಮಾರಕಗಳ ಈಗಿನ ರೂಪವು ಕಾಲವು ತಾನಾಗಿ ಉಳಿಸಿಕೊಟ್ಟ ರೂಪವಲ್ಲ. ಒಡೆದವರು, ಮಾರಿದವರು, ರಕ್ಷಿಸಿದವರು, ತಿದ್ದಿದವರು, ಹೊಸದಾಗಿ ಸೇರಿಸಿದವರು ಎಲ್ಲರೂ ಸೇರಿ ರೂಪಿಸಿದ್ದು ಅದು.

ಹಳಗನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಸ್ಥಿತಿ ಅಪರಿಚಿತವಲ್ಲ. ಪಂಪನ ಸ್ವಹಸ್ತದ ಪ್ರತಿ ಯಾವುದೂ ಉಳಿದಿಲ್ಲ. ಲಿಪಿಕಾರರ ಕೈಯಿಂದ ಕೈಗೆ ಸಾಗಿಬಂದ ಓಲೆಗರಿಗಳ ಮೂಲಕವೇ ಅವನ ಕಾವ್ಯವನ್ನು ಇಂದು ಓದಲಾಗುತ್ತಿದೆ. ಆದ್ದರಿಂದ ಗ್ರಂಥಸಂಪಾದಕನು ಮೂಲಪಾಠ, ಪಾಠಾಂತರ, ಗ್ರಂಥಪಾತ, ಪ್ರಕ್ಷೇಪ ಎಂದು ಬೇರ್ಪಡಿಸಿ ನೋಡುತ್ತಾನೆ. ಫ್ರಾನ್ಸಿನ ಕಲ್ಲಿನ ಕಟ್ಟಡಗಳನ್ನೂ ಇದೇ ಎಚ್ಚರದಿಂದ ಓದಬೇಕಾಗುತ್ತದೆ. ಹಾಗೆ ಓದಿದಾಗ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ. ಅವು ಹೇಳುವ ಚರಿತ್ರೆ ಮಾತ್ರ ಇನ್ನಷ್ಟು ಉದ್ದವಾಗುತ್ತದೆ.

ಈ ಚರಿತ್ರೆಯನ್ನು ಫ್ರೆಂಚ್ ಕ್ರಾಂತಿಯ ಹಿಂದಿನ ವರ್ಷದಿಂದ ಆರಂಭಿಸಬಹುದು. ಆ ವರ್ಷಕ್ಕೆ ಮೈಸೂರಿನ ನಂಟೂ ಇದೆ. ಇಂಗ್ಲಿಷರ ವಿರುದ್ಧ ಸೈನಿಕ ನೆರವನ್ನು ಕೋರಿ ಟಿಪ್ಪು ಸುಲ್ತಾನನು ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದ್ದನು. 1788ರ ಆಗಸ್ಟ್ 10ರಂದು ಹದಿನಾರನೆಯ ಲೂಯಿ ಅವರನ್ನು ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡನು. ಕೋರಿದ ನೆರವು ದೊರೆಯಲಿಲ್ಲ. ಸತ್ಕಾರ ಮತ್ತು ಉಡುಗೊರೆಗಳು ದೊರೆತವು. ದರ್ವೇಶ್ ಖಾನನ ನಿಲುವುಚಿತ್ರವನ್ನು ಆ ಕಾಲದ ಹೆಸರಾಂತ ಚಿತ್ರಗಾರ್ತಿ ಎಲಿಜಬೆತ್ ವಿಜೆ ಲ ಬ್ರನ್ ರಚಿಸಿದಳು. ಇದಾಗಿ ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಆಗಸ್ಟ್ 10ರಂದು, ಪ್ಯಾರಿಸ್ಸಿನ ಜನರು ತ್ವಿಲರಿ ಅರಮನೆಗೆ ನುಗ್ಗಿದರು. ಅಲ್ಲಿಗೆ ಲೂಯಿಯ ಆಳ್ವಿಕೆ ಮುಗಿಯಿತು. ಆ ಘಟನೆಯ ಮೊದಲ ವಾರ್ಷಿಕ ದಿನವಾದ 1793ರ ಆಗಸ್ಟ್ 10ರಂದು ರಾಜರ ಕಲಾಸಂಗ್ರಹವಿದ್ದ ಲೂವ್ರ್ ಅರಮನೆಯನ್ನು ಸಾರ್ವಜನಿಕ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ರಾಜನ ಅನುಗ್ರಹವಿದ್ದವರಿಗೆ ಮಾತ್ರ ಕಾಣಿಸುತ್ತಿದ್ದ ವಸ್ತು ಪ್ರಜೆಯ ಸ್ವತ್ತಾಯಿತು.

ಅದೇ ತಿಂಗಳಿನಲ್ಲಿ ವರ್ಸೇಲ್ಸ್‌ನ ಪೀಠೋಪಕರಣಗಳ ಹರಾಜೂ ಆರಂಭವಾಯಿತು. ಸುಮಾರು ಒಂದು ವರ್ಷ ನಡೆದ ಈ ಹರಾಜಿನಲ್ಲಿ ಅರಮನೆಯ ವಸ್ತುಗಳು 17 ಸಾವಿರಕ್ಕೂ ಹೆಚ್ಚು ಪಾಲುಗಳಾಗಿ ಮಾರಾಟವಾದವು. ಬರಿದಾದ ಅರಮನೆಯನ್ನು 1837ರಲ್ಲಿ ದೊರೆ ಲೂಯಿ ಫಿಲಿಪ್ ಫ್ರಾನ್ಸಿನ ಚರಿತ್ರೆಯ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದನು. ಯುದ್ಧಚಿತ್ರಗಳ ದೊಡ್ಡ ಸಾಲಂಕಣಗಳಿಗೆ ಜಾಗ ಮಾಡಿಕೊಡಲು ರಾಜಪರಿವಾರದವರ ವಾಸದ ಕೋಣೆಗಳನ್ನು ಕೆಡವಲಾಯಿತು. ಇಂದು ಪ್ರವಾಸಿಗರು ನೋಡುವ ರಾಣಿಯ ಶಯನಾಗಾರ ಮೊದಲಾದವು ನಂತರದ ಕಾಲದ ವಿದ್ವಾಂಸರು ಚದುರಿದ ವಸ್ತುಗಳನ್ನು ಹುಡುಕಿ ತಂದು, ದೊರೆಯದ ಕಡೆ ಹೊಸದನ್ನು ನೇಯಿಸಿ ಕೂಡಿಸಿದ ರೂಪಗಳು. ಮೈಸೂರಿನ ರಾಯಭಾರಿಗಳು ಕಂಡ ವರ್ಸೇಲ್ಸ್ ಬೇರೆ, ಇಂದಿನ ಯಾತ್ರಿಕರು ಕಾಣುವ ವರ್ಸೇಲ್ಸ್ ಬೇರೆ.

ಕ್ರಾಂತಿಯ ಕಾಲದ ನಾಶಕ್ಕೆ ಎರಡು ಮುಖಗಳಿದ್ದವು. ಒಂದು, ರಾಜತ್ವದ ಮೇಲಿನ ರೋಷ. ಇನ್ನೊಂದು, ಕಲ್ಲಿನ ವ್ಯಾಪಾರ. ಮೊದಲನೆಯದಕ್ಕೆ ಪ್ಯಾರಿಸ್ಸಿನ ಉತ್ತರಕ್ಕಿರುವ ಸೇಂಟ್ ದೆನಿ ಚರ್ಚು ಸಾಕ್ಷಿ. ಮಠಾಧಿಪತಿ ಸ್ಯೂಜೆರ್ ಕಟ್ಟಿಸಿದ, 1144ರಲ್ಲಿ ಪ್ರತಿಷ್ಠೆಗೊಂಡ ಇದರ ಗರ್ಭಭಾಗವನ್ನು ಗಾಥಿಕ್ ವಾಸ್ತುಶೈಲಿಯ ಆರಂಭವೆಂದು ಗುರುತಿಸಲಾಗುತ್ತದೆ. ಫ್ರಾನ್ಸಿನ ರಾಜರಲ್ಲಿ ಬಹುಪಾಲು ಮಂದಿಯ ಸಮಾಧಿ ಇದ್ದುದು ಇಲ್ಲಿಯೇ. 1793ರ ಆಗಸ್ಟ್ ತಿಂಗಳಿನಲ್ಲಿ ಕ್ರಾಂತಿಯ ಸರ್ಕಾರದ ಆಜ್ಞೆಯಂತೆ ಸಮಾಧಿಗಳನ್ನು ಒಡೆಯಲಾಯಿತು. ಅಕ್ಟೋಬರ್‌ನಲ್ಲಿ ರಾಜರ ಅವಶೇಷಗಳನ್ನು ಹೊರತೆಗೆದು ಗುಂಡಿಗಳಿಗೆ ಎಸೆಯಲಾಯಿತು. ಅದೇ ವರ್ಷ ನೋತ್ರ್ ದಾಮ್‌ನ ಮುಂಭಾಗದಲ್ಲಿದ್ದ 28 ರಾಜರ ಶಿಲ್ಪಗಳನ್ನು ಕೆಳಗುರುಳಿಸಿ ತಲೆಗಳನ್ನು ಕಡಿದರು. ಅವು ಫ್ರಾನ್ಸಿನ ರಾಜರ ಪ್ರತಿಮೆಗಳೆಂಬುದು ಕಡಿದವರ ತಿಳಿವಳಿಕೆಯಾಗಿತ್ತು. ವಾಸ್ತವವಾಗಿ ಅವು ಬೈಬಲ್ಲಿನಲ್ಲಿ ಬರುವ ಯೂದಾಯದ ಪ್ರಾಚೀನ ರಾಜರ ಪ್ರತಿಮೆಗಳು. ತಪ್ಪು ಓದಿನಿಂದ ಪಠ್ಯ ಕೆಡುವುದುಂಟು. ಇಲ್ಲಿ ತಪ್ಪು ಓದಿನಿಂದ ಶಿಲ್ಪವೇ ತಲೆ ಕಳೆದುಕೊಂಡಿತು.

ನಾಶದ ನಡುವೆಯೇ ರಕ್ಷಣೆಯ ವಿಚಾರವೂ ಹುಟ್ಟಿತು. ಕ್ರಾಂತಿಯ ಪಕ್ಷದಲ್ಲಿಯೇ ಇದ್ದ ಪಾದ್ರಿ ಗ್ರೆಗ್ವಾರ್ 1794ರಲ್ಲಿ ಸಭೆಗೆ ಸಲ್ಲಿಸಿದ ವರದಿಗಳಲ್ಲಿ ಇಂಥ ಕೃತ್ಯಗಳಿಗೆ ‘ವಾಂಡಲಿಸಂ’ ಎಂಬ ಹೆಸರನ್ನು ಕೊಟ್ಟನು. ಕ್ರಿ.ಶ. 455ರಲ್ಲಿ ರೋಮ್ ನಗರವನ್ನು ಸೂರೆಮಾಡಿದ ವಾಂಡಲ್ ಬುಡಕಟ್ಟಿನ ಹೆಸರಿನಿಂದ ಹುಟ್ಟಿದ ಈ ಪದ ಇಂದು ಜಗತ್ತಿನ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿದೆ. ಅಲೆಕ್ಸಾಂದ್ರ್ ಲೆನ್ವಾರ್ ಎಂಬಾತನು ಸೇಂಟ್ ದೆನಿಯ ಸಮಾಧಿಶಿಲ್ಪಗಳನ್ನೂ ಇತರ ಚರ್ಚುಗಳಿಂದ ಬಂದ ಶಿಲ್ಪಗಳನ್ನೂ ಪ್ಯಾರಿಸ್ಸಿನ ಒಂದು ಹಳೆಯ ಮಠದಲ್ಲಿ ಕೂಡಿಹಾಕಿ, 1795ರಲ್ಲಿ ಅದನ್ನು ಫ್ರೆಂಚ್ ಸ್ಮಾರಕಗಳ ವಸ್ತುಸಂಗ್ರಹಾಲಯವಾಗಿ ತೆರೆದನು. ಶಿಲ್ಪಗಳನ್ನು ಶತಮಾನದ ಕ್ರಮದಲ್ಲಿ ಜೋಡಿಸಿ ತೋರಿಸಿದ್ದು ಅದರ ವೈಶಿಷ್ಟ್ಯ. 1816ರಲ್ಲಿ ಅದು ಮುಚ್ಚಿದಾಗ ರಾಜರ ಶಿಲ್ಪಗಳು ಸೇಂಟ್ ದೆನಿಗೆ ಮರಳಿದವು. ಇಂದು ಅಲ್ಲಿ ಕಾಣುವ 70ಕ್ಕೂ ಹೆಚ್ಚು ಶಯನಶಿಲ್ಪಗಳು ಉಳಿದದ್ದರಲ್ಲಿ ಲೆನ್ವಾರನ ಪಾತ್ರ ದೊಡ್ಡದು. ಆದರೆ ರಕ್ಷಕನ ಕೈಯೂ ಸುಮ್ಮನಿರಲಿಲ್ಲ. ಬೇರೆ ಬೇರೆ ಕಡೆಯ ತುಣುಕುಗಳನ್ನು ಸೇರಿಸಿ ಆತ ಹೊಸ ಸ್ಮಾರಕಗಳನ್ನೂ ಕಟ್ಟಿದನು. ಪ್ಯಾರಿಸ್ಸಿನ ಪೆರ್ ಲಾಶೇಜ್ ಸ್ಮಶಾನದಲ್ಲಿ ಪ್ರೇಮಿಗಳು ಹೂವಿಡುವ ಅಬೆಲಾರ್ ಮತ್ತು ಎಲೊಯೀಸ್ ಸಮಾಧಿ ಅಂಥದು. ಹನ್ನೆರಡನೆಯ ಶತಮಾನದ ಆ ಇಬ್ಬರ ಹೆಸರಿನಲ್ಲಿರುವ ಗಾಥಿಕ್ ಮಂಟಪವು ಲೆನ್ವಾರನ ಜೋಡಣೆ.

ನಾಶದ ಎರಡನೆಯ ಮುಖವನ್ನು ಬರ್ಗಂಡಿ ಪ್ರಾಂತದ ಕ್ಲೂನಿಯಲ್ಲಿ ಕಾಣಬಹುದು. 1088ರಲ್ಲಿ ಕಟ್ಟಲು ತೊಡಗಿದ ಇಲ್ಲಿನ ಮಠದ ಚರ್ಚು, ರೋಮಿನ ಸೇಂಟ್ ಪೀಟರ್ ಚರ್ಚು ಹೊಸದಾಗಿ ನಿರ್ಮಾಣವಾಗುವವರೆಗೆ, ಕ್ರೈಸ್ತಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಕ್ರಾಂತಿಯ ಸರ್ಕಾರ ಚರ್ಚಿನ ಆಸ್ತಿಯನ್ನು 1789ರ ನವೆಂಬರ್‌ನಲ್ಲಿ ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. 1798ರಲ್ಲಿ ಕ್ಲೂನಿಯನ್ನು ವ್ಯಾಪಾರಿಗಳು ಕೊಂಡರು. ಅವರಿಗೆ ರಾಜರ ಮೇಲಾಗಲಿ ದೇವರ ಮೇಲಾಗಲಿ ದ್ವೇಷವಿರಲಿಲ್ಲ. ಅವರಿಗೆ ಬೇಕಾದದ್ದು ಕಟ್ಟಡದ ಕಲ್ಲು. ಸುಮಾರು ಕಾಲು ಶತಮಾನ ಅದು ಕಲ್ಲುಗಣಿಯಂತೆ ಬಳಕೆಯಾಯಿತು. ನೆಪೋಲಿಯನ್ನನ ಕಾಲದಲ್ಲಿ ಅದರ ಆವರಣದಲ್ಲಿ ಕುದುರೆ ಸಾಕಣೆಯ ಕೇಂದ್ರ ತಲೆಯೆತ್ತಿತು. ಇಂದು ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಒಂದು ಪಾರ್ಶ್ವಬಾಹು, ಅದರ ಮೇಲಿನ ಎಂಟು ಮೂಲೆಯ ಗೋಪುರ, ಕಂಬಗಳ ಬುಡಗಳು ಮಾತ್ರ ಕಾಣುತ್ತವೆ. ಉಳಿದುದನ್ನು ನೋಡುವವರು ಊಹಿಸಿಕೊಳ್ಳಬೇಕು. ಗ್ರಂಥಪಾತವಾದ ಕಡೆ ಸಂಪಾದಕನು ಖಾಲಿ ಬಿಡುವಂತೆ ಕ್ಲೂನಿ ತನ್ನ ಖಾಲಿಯನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ.

ಈ ನಾಶವನ್ನು ತಡೆಯುವ ಕೆಲಸದಲ್ಲಿ ಸಾಹಿತಿಗಳು ಮುಂದೆ ನಿಂತದ್ದು ಫ್ರಾನ್ಸಿನ ಚರಿತ್ರೆಯ ಗಮನಾರ್ಹ ಸಂಗತಿ. ಹಳೆಯ ಕಟ್ಟಡಗಳನ್ನು ಕೆಡವುವವರ ವಿರುದ್ಧ ವಿಕ್ಟರ್ ಹ್ಯೂಗೊ ಇಪ್ಪತ್ತರ ಹರೆಯದಲ್ಲಿಯೇ ಲೇಖನ ಬರೆದಿದ್ದನು. 1831ರಲ್ಲಿ ಆತನ ಕಾದಂಬರಿ ‘ನೋತ್ರ್ ದಾಮ್ ದ ಪಾರಿ’ ಪ್ರಕಟವಾಯಿತು. ಗೂನುಬೆನ್ನಿನ ಕ್ವಾಸಿಮೊದೊ, ಎಸ್ಮೆರಾಲ್ದ ಇವರ ಕಥೆಯೆಂದು ಅದು ಪ್ರಸಿದ್ಧವಾದರೂ ಅದರ ನಿಜವಾದ ನಾಯಕ ಆ ಚರ್ಚಿನ ಕಟ್ಟಡವೇ. ಅಚ್ಚಿನ ಪುಸ್ತಕ ಬಂದ ಮೇಲೆ ಕಟ್ಟಡವು ಮಾನವಕುಲದ ಬರಹವಾಗಿ ಉಳಿಯಲಾರದೆಂಬ ವಿಚಾರವನ್ನು ಹ್ಯೂಗೊ 1832ರ ಆವೃತ್ತಿಯಲ್ಲಿ ಸೇರಿಸಿದ ಅಧ್ಯಾಯವೊಂದರಲ್ಲಿ ವಿಸ್ತರಿಸುತ್ತಾನೆ. ಚರಿತ್ರೆಯಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಚ್ಚಾದ ಆ ಪುಸ್ತಕವೇ ಶಿಥಿಲವಾಗಿದ್ದ ಆ ಕಟ್ಟಡದ ಕಡೆಗೆ ಜನರ ಮನಸ್ಸನ್ನು ತಿರುಗಿಸಿ, ಅದನ್ನು ಉಳಿಸಲು ಕಾರಣವಾಯಿತು.

ಆಡಳಿತದಲ್ಲೂ ಇದೇ ಕಾಲಕ್ಕೆ ಹೊಸ ವ್ಯವಸ್ಥೆ ಬಂದಿತು. 1830ರಲ್ಲಿ ಮಂತ್ರಿಯಾಗಿದ್ದ ಇತಿಹಾಸಕಾರ ಫ್ರಾನ್ಸ್ವಾ ಗಿಜೊ ಚಾರಿತ್ರಿಕ ಸ್ಮಾರಕಗಳ ಮಹಾಪರಿವೀಕ್ಷಕ ಎಂಬ ಹುದ್ದೆಯನ್ನು ಸೃಷ್ಟಿಸಿದನು. ಲೂಡೊವಿಕ್ ವಿತೆ ಮೊದಲು ಆ ಹುದ್ದೆಯಲ್ಲಿದ್ದನು. 1834ರಲ್ಲಿ ಅದು ಕಥೆಗಾರ ಪ್ರೊಸ್ಪೆರ್ ಮೆರಿಮೆಗೆ ದೊರೆಯಿತು. ‘ಕಾರ್ಮೆನ್’ ಕಥೆಯ ಕರ್ತೃವೆಂದು ಸಾಹಿತ್ಯಲೋಕಕ್ಕೆ ಪರಿಚಿತನಾದ ಈತನು ರೈಲು ಇನ್ನೂ ಹರಡದ ಕಾಲದಲ್ಲಿ ಕುದುರೆಗಾಡಿಯಲ್ಲಿ ದೇಶವನ್ನೆಲ್ಲ ಸುತ್ತಿ ವರದಿಗಳನ್ನು ಬರೆದನು. 1837ರಲ್ಲಿ ಸ್ಮಾರಕಗಳ ಆಯೋಗವೂ 1840ರಲ್ಲಿ ಸುಮಾರು ಒಂದು ಸಾವಿರ ಸ್ಮಾರಕಗಳ ಮೊದಲ ಪಟ್ಟಿಯೂ ಸಿದ್ಧವಾದವು. ಇಂದಿನ ಪ್ರವಾಸಿಗರ ಪಟ್ಟಿಗಳ ಹಿಂದೆ ಈ ಪಟ್ಟಿಯಿದೆ. 1841ರಲ್ಲಿ ಬುಸಾಕ್ ಎಂಬ ಊರಿನ ಕೋಟೆಮನೆಯಲ್ಲಿ ಮೆರಿಮೆ ಆರು ನೇಯ್ಗೆಯ ಚಿತ್ರಪಟಗಳನ್ನು ಕಂಡನು. ಒಕ್ಕೋಡಿನ ಕುದುರೆಯೊಂದಿಗೆ ನಿಂತ ಸ್ತ್ರೀಯ ಆ ಚಿತ್ರಗಳನ್ನು ಲೇಖಕಿ ಜಾರ್ಜ್ ಸಾಂಡ್ ತನ್ನ ಬರಹಗಳ ಮೂಲಕ ಪ್ರಸಿದ್ಧಿಗೆ ತಂದಳು. 1882ರಲ್ಲಿ ಅವು ಪ್ಯಾರಿಸ್ಸಿನ ಕ್ಲೂನಿ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಬರ್ಗಂಡಿಯ ಕ್ಲೂನಿ ಮಠದ ಅಧಿಪತಿಗಳಿಗೆ ಪ್ಯಾರಿಸ್ಸಿನಲ್ಲಿದ್ದ ಮನೆಯೇ ಈಗ ಆ ವಸ್ತುಸಂಗ್ರಹಾಲಯ.

ಮೆರಿಮೆಯ ವರದಿಗಳಿಂದ ಬೆಳಕಿಗೆ ಬಂದ ಸ್ಥಳಗಳಲ್ಲಿ ವೆಜ್ಲೆಯ ಚರ್ಚು ಮುಖ್ಯವಾದುದು. ಕುಸಿಯುವ ಸ್ಥಿತಿಯಲ್ಲಿದ್ದ ಅದನ್ನು ಸರಿಪಡಿಸುವ ಹೊಣೆಯನ್ನು 1840ರಲ್ಲಿ 26 ವರ್ಷದ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್‌ಗೆ ಒಪ್ಪಿಸಲಾಯಿತು. ಆತ ಕಟ್ಟಡವನ್ನು ಉಳಿಸಿದನು. ಜೊತೆಗೆ ಹೊಸದನ್ನೂ ಸೇರಿಸಿದನು. ವೆಜ್ಲೆಯ ಹೊರಬಾಗಿಲ ಮೇಲಿನ ಶಿಲ್ಪಫಲಕ ಹತ್ತೊಂಬತ್ತನೆಯ ಶತಮಾನದ್ದು. ಅದನ್ನು ದಾಟಿ ಒಳಮಂಟಪಕ್ಕೆ ಹೋದರೆ ಎದುರಾಗುವ ಎರಡನೆಯ ಬಾಗಿಲಿನ ಫಲಕ ಹನ್ನೆರಡನೆಯ ಶತಮಾನದ್ದು. ಹೊರಗಿನದನ್ನು ನೋಡಿ ತೃಪ್ತನಾಗಿ ಹಿಂದಿರುಗಿದವನು ಮೂಲವನ್ನು ಕಾಣದೆಯೇ ಹೋಗುತ್ತಾನೆ.

ನೋತ್ರ್ ದಾಮ್‌ನ ಕೆಲಸ 1844ರಲ್ಲಿ ಲಾಸ್ಯು ಮತ್ತು ವಿಯೊಲೆ ಲ ದ್ಯುಕ್ ಇವರಿಗೆ ದೊರೆಯಿತು. 1857ರಲ್ಲಿ ಲಾಸ್ಯು ತೀರಿಕೊಂಡ ಮೇಲೆ ಪೂರ್ಣ ಹೊಣೆ ವಿಯೊಲೆಯದಾಯಿತು. ಹದಿಮೂರನೆಯ ಶತಮಾನದ ಚೂಪು ಶಿಖರವನ್ನು ಶಿಥಿಲವಾಯಿತೆಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಇಳಿಸಲಾಗಿತ್ತು. ಅದರ ಸ್ಥಾನದಲ್ಲಿ 1859ರಲ್ಲಿ ವಿಯೊಲೆ ಓಕ್ ಮರ ಮತ್ತು ಸೀಸದಿಂದ ಹಳೆಯದಕ್ಕಿಂತ ಎತ್ತರವಾದ, ತನ್ನದೇ ಕಲ್ಪನೆಯ ಶಿಖರವನ್ನು ನಿಲ್ಲಿಸಿದನು. ನೆಲದಿಂದ ಅದರ ತುದಿ 96 ಮೀಟರ್ ಎತ್ತರದಲ್ಲಿತ್ತು. ಶಿಖರದ ಬುಡದಲ್ಲಿ ನಿಲ್ಲಿಸಿದ ತಾಮ್ರದ ಪ್ರತಿಮೆಗಳಲ್ಲಿ ಸಂತ ಥಾಮಸನಿಗೆ ತನ್ನದೇ ಮುಖವನ್ನು ಕೊಟ್ಟನು. ಗೋಪುರಗಳ ಮೇಲಂತಸ್ತಿನಲ್ಲಿ ಗಲ್ಲಕ್ಕೆ ಕೈಯಿಟ್ಟು ನಗರವನ್ನು ನೋಡುವ ಕೊಂಬಿನ ವಿಕಟಮೂರ್ತಿಯೂ ಅದರ ಸಂಗಡಿಗರೂ ಈ ಕಾಲದ ಸೇರ್ಪಡೆಗಳೇ. ಚಲನಚಿತ್ರಗಳಲ್ಲಿ ಕ್ವಾಸಿಮೊದೊ ಈ ಮೂರ್ತಿಗಳ ನಡುವೆ ಓಡಾಡುತ್ತಾನೆ. ಆದರೆ ಹ್ಯೂಗೊ ಕಾದಂಬರಿ ಬರೆದ ಕಾಲಕ್ಕೆ ಈ ಮೂರ್ತಿಗಳೂ ಇರಲಿಲ್ಲ, ಶಿಖರವೂ ಇರಲಿಲ್ಲ. ಕಟ್ಟಡದಿಂದ ಹುಟ್ಟಿದ ಕಾದಂಬರಿ ಕಟ್ಟಡವನ್ನು ನೋಡುವ ಕಣ್ಣನ್ನು ಬದಲಿಸಿತು. ಬದಲಾದ ಆ ಕಣ್ಣು ಕಟ್ಟಡವನ್ನೇ ಬದಲಿಸಿತು.

ವಿಯೊಲೆಯದು ಅಜ್ಞಾನದ ಕೆಲಸವಲ್ಲ. ಹತ್ತು ಸಂಪುಟಗಳ ವಾಸ್ತುಕೋಶವನ್ನು ರಚಿಸಿದ ಮಹಾವಿದ್ವಾಂಸ ಅವನು. ಹಿಂದೆ ಯಾವ ಒಂದು ಕಾಲದಲ್ಲಿಯೂ ಇದ್ದಿರದ ಪೂರ್ಣತೆಗೆ ಕಟ್ಟಡವನ್ನು ತರುವುದೇ ಪುನರುದ್ಧಾರವೆಂಬುದು ಆ ಕೋಶದಲ್ಲಿ ಅವನು ಪ್ರತಿಪಾದಿಸಿದ ನಿಲುವು. ಇದಕ್ಕೆ ಎದುರಾಗಿ ಇಂಗ್ಲೆಂಡಿನ ಜಾನ್ ರಸ್ಕಿನ್ 1849ರ ತನ್ನ ಗ್ರಂಥದಲ್ಲಿ, ಪುನರುದ್ಧಾರವೆಂಬುದು ಕಟ್ಟಡಕ್ಕೆ ಒದಗಬಹುದಾದ ಪೂರ್ಣನಾಶವೇ ಎಂದು ವಾದಿಸಿದ್ದನು. ಕನ್ನಡ ನಾಡಿನ ಶಾಸನಗಳಲ್ಲಿ ಬಸದಿ ದೇಗುಲಗಳಿಗೆ ದತ್ತಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು ಸರಿಪಡಿಸುವುದು ಅದರ ಅರ್ಥ. ಪೂಜೆ ನಡೆಯುವ ಕಟ್ಟಡ ಬಾಳುತ್ತಿರಬೇಕೆಂಬುದು ಆ ಮಾತಿನ ಆಶಯ. ಫ್ರಾನ್ಸಿನ ವಿವಾದದಲ್ಲಿ ಅದಕ್ಕಿಂತ ಬೇರೆಯಾದ ಪ್ರಶ್ನೆ ಹುಟ್ಟಿತು: ಕಟ್ಟಡವು ಚರಿತ್ರೆಯ ದಾಖಲೆಯೂ ಆದರೆ, ದಾಖಲೆಯನ್ನು ತಿದ್ದುವ ಅಧಿಕಾರ ಯಾರಿಗಿದೆ?

ಈ ಪ್ರಶ್ನೆಯನ್ನು ಕಾರ್ಕಸಾನ್ ಇನ್ನಷ್ಟು ಸ್ಪಷ್ಟವಾಗಿ ಮುಂದಿಡುತ್ತದೆ. 52 ಗೋಪುರಗಳ ಈ ಕೋಟೆಯನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೆಡವಲು ಸರ್ಕಾರ ಯೋಚಿಸಿತ್ತು. ಸ್ಥಳೀಯ ವಿದ್ವಾಂಸ ಕ್ರೋ ಮೇರ್‌ವಿಯೆಯ್ ಮತ್ತು ಮೆರಿಮೆ ಇವರ ಪ್ರಯತ್ನದಿಂದ ಅದು ಉಳಿಯಿತು. 1853ರಿಂದ ವಿಯೊಲೆ ಅದರ ಗೋಡೆ ಗೋಪುರಗಳನ್ನು ಎತ್ತಿಕಟ್ಟಿಸಿ, ಗೋಪುರಗಳಿಗೆ ಸ್ಲೇಟ್ ಕಲ್ಲಿನ ಚೂಪಾದ ಮಾಡುಗಳನ್ನು ಹೊದಿಸಿದನು. ಇಳಿಜಾರು ಕಡಿಮೆಯಿರುವ ಹೆಂಚಿನ ಮಾಡು ದಕ್ಷಿಣ ಫ್ರಾನ್ಸಿನ ರೂಢಿ. ಚೂಪು ಸ್ಲೇಟ್ ಮಾಡು ಉತ್ತರದ್ದು ಎಂಬ ಟೀಕೆ ಆಗಲೇ ಬಂದಿತು. ಆದರೆ ಪ್ರವಾಸಿಗರ ಮನಸ್ಸಿನಲ್ಲಿ ನೆಲೆನಿಂತ ಕಾರ್ಕಸಾನ್ ಆ ಚೂಪು ಮಾಡುಗಳದ್ದೇ. 1997ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ವಿಯೊಲೆಯ ಪುನರುದ್ಧಾರವನ್ನೂ ಅದರ ಮಹತ್ವದ ಭಾಗವೆಂದು ಪರಿಗಣಿಸಿತು. ಪ್ರಕ್ಷೇಪವು ಹಳತಾಗಿ ತಾನೇ ಪಾಠವಾಗುವ ಬಗೆ ಇದು.

2019ರ ಏಪ್ರಿಲ್ 15ರ ಸಂಜೆ ನೋತ್ರ್ ದಾಮ್‌ಗೆ ಬೆಂಕಿ ಬಿದ್ದಿತು. ಮಧ್ಯಯುಗದ ಓಕ್ ಮರದ ಮಾಡು ಸುಟ್ಟುಹೋಯಿತು. ವಿಯೊಲೆಯ ಶಿಖರ ಉರಿಯುತ್ತ ಕುಸಿಯಿತು. ದುರಸ್ತಿಗಾಗಿ ನಾಲ್ಕು ದಿನ ಮೊದಲೇ ಕೆಳಗಿಳಿಸಿದ್ದ ಕಾರಣ ಶಿಖರದ ಬುಡದ 16 ತಾಮ್ರದ ಪ್ರತಿಮೆಗಳು ಉಳಿದುಕೊಂಡವು. ಹೊಸ ಶಿಖರ ಹೇಗಿರಬೇಕೆಂಬ ವಾದ ಎದ್ದಿತು. ಈ ಕಾಲಕ್ಕೆ ಒಪ್ಪುವ ಹೊಸ ವಿನ್ಯಾಸ ಬೇಕೆಂದರು ಕೆಲವರು. ಸರ್ಕಾರವೂ ಸ್ಪರ್ಧೆಯ ಮಾತನ್ನು ಆಡಿತು. ಹಿಂದಿನಂತೆಯೇ ಇರಬೇಕೆಂದರು ಇನ್ನು ಕೆಲವರು. 2020ರ ಜುಲೈಯಲ್ಲಿ ಹಿಂದಿನ ರೂಪಕ್ಕೇ ನಿಷ್ಠವಾಗಿ ಕಟ್ಟುವ ತೀರ್ಮಾನವಾಯಿತು. ಇಲ್ಲಿ ‘ಹಿಂದಿನ ರೂಪ’ ಎಂದರೆ ಹದಿಮೂರನೆಯ ಶತಮಾನದ ರೂಪವಲ್ಲ, 1859ರ ರೂಪ. ಒಮ್ಮೆ ಸ್ವೇಚ್ಛೆಯ ಸೇರ್ಪಡೆಯೆಂದು ಆಕ್ಷೇಪಕ್ಕೆ ಗುರಿಯಾದ ಶಿಖರ 160 ವರ್ಷಗಳಲ್ಲಿ ಪ್ರಮಾಣವಾಯಿತು. ಎಲ್ಲ ಕಾಲದ ಸೇರ್ಪಡೆಗಳಿಗೂ ಚಾರಿತ್ರಿಕ ಬೆಲೆಯುಂಟು, ಊಹೆ ಆರಂಭವಾಗುವಲ್ಲಿ ಪುನರುದ್ಧಾರ ನಿಲ್ಲಬೇಕು ಎಂದು ಸಾರಿದ 1964ರ ವೆನಿಸ್ ಸನ್ನದಿನ ತತ್ತ್ವ ಈ ತೀರ್ಮಾನಕ್ಕೆ ಹೊಂದುತ್ತದೆ. ವಿಯೊಲೆಯ ನಕ್ಷೆಗಳು ಉಳಿದಿದ್ದುದರಿಂದ ಊಹೆಯ ಅಗತ್ಯವೇ ಬೀಳಲಿಲ್ಲ. ಸುಮಾರು 2,000 ಓಕ್ ಮರಗಳನ್ನು ಕಡಿದು ತಂದು, ಮಾಡಿನ ತೊಲೆಗಳನ್ನು ಹಳೆಯ ರೀತಿಯಲ್ಲಿ ಕೊಡಲಿಯಿಂದ ಕೆತ್ತಿ ಕೂಡಿಸಲಾಯಿತು. 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ತೆರೆಯಿತು.

ಬೆಂಕಿ, ಕ್ರಾಂತಿ, ವ್ಯಾಪಾರಗಳಂತೆಯೇ ನೋಟವೂ ನಾಶಕ್ಕೆ ಕಾರಣವಾಗಬಹುದೆಂಬುದಕ್ಕೆ ಲಾಸ್ಕೋ ಉದಾಹರಣೆ. 1940ರ ಸೆಪ್ಟೆಂಬರ್‌ನಲ್ಲಿ ಹುಡುಗರ ಗುಂಪೊಂದರ ಕಣ್ಣಿಗೆ ಬಿದ್ದ ಈ ಗುಹೆಯಲ್ಲಿ ಹದಿನೇಳು ಸಾವಿರ ವರ್ಷಗಳಷ್ಟು ಹಿಂದಿನವೆಂದು ಹೇಳಲಾಗುವ ಗೂಳಿ, ಕುದುರೆ, ಜಿಂಕೆಗಳ ಚಿತ್ರಗಳಿವೆ. 1948ರಲ್ಲಿ ಗುಹೆಯನ್ನು ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಮಿಕ್ಕಿ ಬಂದ ಜನರ ಉಸಿರಿನ ಇಂಗಾಲಾಮ್ಲವೂ ತೇವವೂ ಸಾವಿರಾರು ವರ್ಷ ಕೆಡದೆ ಉಳಿದಿದ್ದ ಗೋಡೆಗಳಿಗೆ ಹಾನಿ ಮಾಡತೊಡಗಿದವು. ಹಸಿರು ಪಾಚಿ ಕಾಣಿಸಿಕೊಂಡಿತು. 1963ರಲ್ಲಿ, ಕಾದಂಬರಿಕಾರ ಆಂದ್ರೆ ಮಾಲ್ರೊ ಸಂಸ್ಕೃತಿ ಸಚಿವನಾಗಿದ್ದಾಗ, ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಲಾಯಿತು. ಅದರ ಸಮೀಪದಲ್ಲಿಯೇ ಗುಹೆಯ ಮುಖ್ಯಭಾಗಗಳ ಪ್ರತಿಕೃತಿಯನ್ನು ನಿರ್ಮಿಸಿ 1983ರಲ್ಲಿ ತೆರೆದರು. ಇನ್ನೂ ವಿಸ್ತಾರವಾದ ಪ್ರತಿಕೃತಿ 2016ರಲ್ಲಿ ಸಿದ್ಧವಾಯಿತು. ಇಂದು ಲಾಸ್ಕೋಗೆ ಹೋಗುವವರು ನೋಡುವುದು ಪ್ರತಿಯನ್ನು, ಮೂಲವನ್ನಲ್ಲ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. ಪ್ರತಿ ಮಾಡಿಸುವುದು ಉಳಿಸುವ ದಾರಿಯೆಂದು ಬಲ್ಲ ಸಾಹಿತ್ಯಕ್ಕೆ ಲಾಸ್ಕೋದ ಪ್ರತಿ ಗೌರವದ ವಸ್ತುವೇ. ಪ್ರತಿಯನ್ನು ಪ್ರತಿಯೆಂದೇ ಹೇಳಿ ತೋರಿಸುವ ಪ್ರಾಮಾಣಿಕತೆಯೂ ಅಲ್ಲಿದೆ.

ಒಂದು ಸ್ಮಾರಕದ ಎದುರು ನಿಂತಾಗ ‘ಇದು ಎಷ್ಟು ಹಳೆಯದು’ ಎಂಬ ಒಂದೇ ಪ್ರಶ್ನೆ ಸಾಲದೆಂಬುದನ್ನು ಈ ಉದಾಹರಣೆಗಳೆಲ್ಲ ಸೂಚಿಸುತ್ತವೆ. ಯಾವ ಭಾಗ ಯಾವ ಕಾಲದ್ದು, ಯಾರು ಕೆಡವಿದರು, ಯಾವ ಆಧಾರದ ಮೇಲೆ ಮತ್ತೆ ಕಟ್ಟಿದರು, ಆಧಾರವಿಲ್ಲದ ಕಡೆ ಏನು ಮಾಡಿದರು ಎಂಬ ಪ್ರಶ್ನೆಗಳು ಅದರ ಜೊತೆಗೆ ಬರಬೇಕು. ಇವನ್ನು ಕೇಳದ ನೋಟವು ವಿಯೊಲೆಯ ಕಲ್ಪನೆಯನ್ನು ಮಧ್ಯಯುಗದ ಸತ್ಯವೆಂದು ಸ್ವೀಕರಿಸುತ್ತದೆ. ಕೇಳಿದರೆ ವಿಯೊಲೆಯೂ ಚರಿತ್ರೆಯ ಒಂದು ಪದರವಾಗಿ ತನ್ನ ಸ್ಥಾನದಲ್ಲಿ ಕಾಣುತ್ತಾನೆ.

ಇಂಥ ಓದಿಗೆ ಪ್ಯಾರಿಸ್ಸಿನಲ್ಲಿಯೇ ಒಂದು ಅವಕಾಶವಿದೆ. 1793ರಲ್ಲಿ ಕಡಿದ ಯೂದಾಯದ ರಾಜರ ತಲೆಗಳಲ್ಲಿ 21, ಎಲ್ಲಿ ಹೋದವೆಂದು ತಿಳಿಯದೆ ಸುಮಾರು ಎರಡು ಶತಮಾನ ಮಣ್ಣಿನಡಿ ಇದ್ದವು. 1977ರಲ್ಲಿ ನಗರದ ಒಂದು ಹಳೆಯ ಭವನದ ಆವರಣದಲ್ಲಿ ಅಗೆತದ ವೇಳೆ ಅವು ದೊರೆತವು. ಹದಿಮೂರನೆಯ ಶತಮಾನದ ಬಣ್ಣದ ಕುರುಹು ಕೆಲವುಗಳ ಮುಖದ ಮೇಲೆ ಇನ್ನೂ ಇದೆ. ಅವನ್ನು ಈಗ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ನೋತ್ರ್ ದಾಮ್‌ನ ಮುಂಭಾಗದಲ್ಲಿ ಇಂದು ಸಾಲಾಗಿ ನಿಂತಿರುವ, ತಲೆ ಸಮೇತ ಪೂರ್ಣವಾದ 28 ರಾಜರು ವಿಯೊಲೆಯ ಕಾಲದ ಶಿಲ್ಪಗಳು. ಈ ಎರಡು ಸ್ಥಳಗಳ ನಡುವಿನ ಅಂತರ ಕಾಲ್ನಡಿಗೆಯಲ್ಲಿ ಹೋಗುವಷ್ಟು ಮಾತ್ರ. ಚರ್ಚಿನ ಮುಂದೆ ನಿಂತು ಪೂರ್ಣವಾದ ಹೊಸ ಪಾಠವನ್ನು ಕಂಡವರು ನದಿಯ ಆಚೆ ದಡಕ್ಕೆ ನಡೆದು, ಮೂಗು ಮುರಿದ, ತ್ರುಟಿತವಾದ ಆ ಮೂಲಪಾಠವನ್ನೂ ಕಾಣಬೇಕು. ಎರಡನ್ನೂ ಕಂಡವರಿಗೆ ನೋತ್ರ್ ದಾಮ್‌ನ ಚರಿತ್ರೆ ಪೂರ್ಣವಾಗಿ ದೊರೆಯುತ್ತದೆ.